ಮೇಲಿನ ಸಾಲಿನ ಡಬ್ಬದ ಕರ್ಪೂರ

ಮಧುಗಿರಿ
ಶುಕ್ರವಾರ, 10 ಅಕ್ಟೋಬರ್ 2025

ಪ್ರೀತಿಯ ಲೋಹಿತಾ,

ಕೆಮ್ಮು ಹೇಗಿದೆ? ನಿನ್ನೆ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಲ್ಯಾಬಿನ ಕುಲುಮೆಯ ಮುಂದೆ ಬೆವರಿ, ಆಮೇಲೆ ಏಸಿ ಕೋಣೆಗೆ ಹೋಗಿ ಕೂರಬೇಡ ಅಂದರೆ ನೀನು ಕೇಳುವವಳಲ್ಲ. ಬಿಸಿನೀರಿಗೆ ನಾಲ್ಕು ಕಾಳು ಮೆಣಸು ಕುಟ್ಟಿ ಹಾಕಿಕೊಂಡು ಕುಡಿ. ಪುಣೆಯ ಮೆಸ್ಸಿನವರು ಬೇಳೆಗೂ ಬೆಲ್ಲ ಹಾಕುತ್ತಾರೆ ಎಂದು ನೀನು ಹೇಳಿದಾಗಿನಿಂದ ಅಮ್ಮನಿಗೆ ಸಮಾಧಾನವಿಲ್ಲ. ಹುಚ್ಚೆಳ್ಳು ಚಟ್ನಿಪುಡಿ ಮಾಡಿ ಡಬ್ಬಿಗೆ ತುಂಬಿಟ್ಟಿದ್ದಾಳೆ, ಯಾರಾದರೂ ಆ ಕಡೆ ಹೋಗುವವರು ಸಿಕ್ಕರೆ ಕಳಿಸಬೇಕಂತೆ. ಮಧುಗಿರಿಯಿಂದ ಪುಣೆಗೆ ಯಾರು ಹೋಗುತ್ತಾರೆ ಎಂದು ಕೇಳಿದರೆ, ನನ್ನ ಸೊಸೆ ಹೋಗಿಲ್ಲವಾ ಅನ್ನುತ್ತಾಳೆ. ಅವಳ ಮಂಡಿನೋವು ಹಾಗೇ ಇದೆ. ಅಪ್ಪ ಗಟ್ಟಿಮುಟ್ಟಾಗಿದ್ದಾರೆ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅಂಗಡಿಯ ಬಾಗಿಲು ತೆಗೆಯುತ್ತಾರೆ. ಮೊನ್ನೆ ಎರಡು ಹದ ಮಳೆ ಬಂದು ಬೆಟ್ಟದ ಬಂಡೆಯ ಮೇಲೆಲ್ಲ ನೀರು ಇಳಿಯುತ್ತಿತ್ತು. ನನಗೆ ಇನ್ನೂ ದಸರಾ ರಜೆ.

ದಿನಾ ಸಂಜೆ ಏಳಕ್ಕೆ ಫೋನಿನಲ್ಲಿ ಸಿಗುವ ಗಂಡ ಇದ್ದಕ್ಕಿದ್ದ ಹಾಗೆ ಕಾಗದ ಬರೆದಿದ್ದಾನಲ್ಲ ಎಂದು ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಬಾಯಿ ತೆರೆದೆ. ನೀನು ಅಳುತ್ತೀಯ, ಇಲ್ಲವೇ ನಡುವೆ ಬಾಯಿ ಹಾಕುತ್ತೀಯ, ನಾನು ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಕಾಗದದಲ್ಲಾದರೆ ನೀನು ನಡುವೆ ಮಾತಾಡುವ ಹಾಗಿಲ್ಲ, ನಾನೂ ತಪ್ಪಿಸಿಕೊಳ್ಳುವ ಹಾಗಿಲ್ಲ. ದಯವಿಟ್ಟು ಪೂರ್ತಿ ಓದು. ಹರಿಯಬೇಕು ಅನ್ನಿಸಿದರೂ ಕೊನೆಯವರೆಗೆ ಓದಿ ಆಮೇಲೆ ಹರಿ.

ನಿನ್ನೆ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಸೋಮವಾರದವರೆಗೆ ನೋಡುತ್ತೇನೆ, ಆಗಲಿಲ್ಲವೆಂದರೆ ಪೇಪರ್ ವಾಪಸು ತೆಗೆದುಕೊಳ್ಳುತ್ತೇನೆಂದು ಜರ್ನಲಿನವರಿಗೆ ಬರೆದುಬಿಡುತ್ತೇನೆ ಅಂದೆ. ನಿಮ್ಮ ಗೈಡ್ ನರಸಿಂಹರಾಜು ಸರ್ ಕೂಡ, ಹಾಗೇ ಮಾಡಮ್ಮ, ಮರ್ಯಾದೆಯಾದರೂ ಉಳಿಯುತ್ತೆ ಅಂದರಂತೆ. ತುಮಕೂರಿನ ಲ್ಯಾಬಿನಲ್ಲಿ ಕರ್ಪೂರದಿಂದ ಇಂಗಾಲದ ನ್ಯಾನೋಕೊಳವೆಗಳನ್ನು ಪೈರಿನಂತೆ ಸಾಲಾಗಿ ನೆಟ್ಟಗೆ ನಿಲ್ಲಿಸಿದವಳು ನೀನು. ಇನ್ನೊಂದು ಲ್ಯಾಬಿನಲ್ಲೂ ಬೆಳೆದು ತೋರಿಸಿ ಎಂದು ಜರ್ನಲಿನ ಪರವಾಗಿ ಪೇಪರ್ ಓದಿದವರು ಪಟ್ಟು ಹಿಡಿದದ್ದಕ್ಕೆ ಪುಣೆಗೆ ಹೋದೆ. ಏಳು ವಾರ ಕಳೆಯಿತು. ಅದೇ ಎಂಟುನೂರೈವತ್ತು ಡಿಗ್ರಿ, ಅದೇ ಆರ್ಗಾನ್, ಅದೇ ಕೈ. ಬೆಳೆಯುವುದು ಮಾತ್ರ ಪಾತ್ರೆ ಉಜ್ಜುವ ನಾರಿನ ಹಾಗೆ ಗೋಜಲು ಗೋಜಲು. ಪೇಪರ್ ಹೋದರೆ ಥೀಸಿಸ್ಸಿನ ಮುಖ್ಯ ಅಧ್ಯಾಯವೇ ಹೋಯಿತು, ಮೂರು ವರ್ಷದ ಕೆಲಸ ಹೋಯಿತು. ತುಮಕೂರಿನಲ್ಲಿ ಆಕೆ ತೋರಿಸಿದ್ದು ಸುಳ್ಳೇನೋ ಎಂದು ನಾಲ್ಕು ಜನ ಆಡಿಕೊಳ್ಳುವುದು ಬೇರೆ. ಇದೆಲ್ಲ ನಿನಗೇ ಗೊತ್ತಿರುವ ವಿಷಯ, ಮತ್ತೆ ಯಾಕೆ ಬರೆದೆ ಅಂದರೆ, ಇಷ್ಟೆಲ್ಲ ಗೊತ್ತಿದ್ದೂ ನಾನು ಸುಮ್ಮನೆ ಕೂತಿದ್ದೆ ಎಂಬುದು ನಿನಗೆ ಗೊತ್ತಾಗಬೇಕು.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು, ಲೋಹಿತಾ. ತಮಾಷೆಗೆ ಹೇಳುತ್ತಿಲ್ಲ. ಅಲ್ಲಿ ಮೈಕ್ರೋಸ್ಕೋಪ್ ನಡೆಸುವ ಆ ಚೇತನ್ ಕುಮಾರ್ ಬಗ್ಗೆ ನೀನು ಮಾತಿಗೊಮ್ಮೆ ಹೇಳುವಾಗ, ಗಂಡನಿಗೆ ಕಸಿವಿಸಿಯಾಗಬಹುದೇನೋ ಎಂದು ನಡುವೆ ನಿಲ್ಲಿಸುತ್ತೀಯಲ್ಲ, ಅದು ನನಗೆ ತಿಳಿಯುತ್ತದೆ. ಆ ಹುಡುಗನ ಮೇಲೆ ನನಗೆ ಏನೂ ಇಲ್ಲ. ಅಂಥ ಹೊಟ್ಟೆಕಿಚ್ಚಾಗಿದ್ದರೆ ಎಷ್ಟೋ ವಾಸಿ, ಗಂಡಸರು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ನನ್ನದು ನಿನ್ನ ಮೇಲೆ. ನೀನು ಆ ಮೈಕ್ರೋಸ್ಕೋಪಿನ ಮುಂದೆ ಕೂತಿರುತ್ತೀಯಲ್ಲ, ಆ ಕುರ್ಚಿಯ ಮೇಲೆ. ನಿನ್ನ ಮೊದಲ ಪೇಪರ್ ಅಚ್ಚಾಗಿ ಬಂದಾಗ ಇಡೀ ಕಾಲೇಜಿಗೆ ಮೈಸೂರುಪಾಕು ಹಂಚಿದೆನಲ್ಲ, ಆವತ್ತು ನನ್ನ ಬಾಯಿಗೆ ಒಂದು ತುಂಡೂ ಹಾಕಿಕೊಳ್ಳಲಿಲ್ಲ. ಹಲ್ಲುನೋವು ಅಂದೆ. ನೀನು ಲವಂಗದೆಣ್ಣೆ ತಂದುಕೊಟ್ಟೆ.

ಇನ್ನು ಅಪ್ಪನ ವಿಷಯ ಕೇಳು. ನೀನು ಕಳಿಸಿದ ಆ ಕಪ್ಪುಬಿಳುಪು ಚಿತ್ರ, ಕೊಳವೆಗಳೆಲ್ಲ ಒತ್ತೊತ್ತಾಗಿ ಎದ್ದು ನಿಂತಿರುವುದು, ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದಾರೆ. ವಿಭೂತಿ ಉಂಡೆಗೆ ಬಂದವರು, ಗೆಜ್ಜೆವಸ್ತ್ರಕ್ಕೆ ಬಂದವರು ಎಲ್ಲರೂ ಅದಕ್ಕೂ ಸೇರಿಸಿ ಒಂದು ಕೈ ಮುಗಿಯುತ್ತಾರೆ. ಕಳೆದ ವಾರ ಐ.ಡಿ.ಹಳ್ಳಿ ಕಡೆಯವರೊಬ್ಬರು, ಇದ್ಯಾವ ಪೈರು ಸ್ವಾಮಿ ಅಂತ ಕೇಳಿದರು. ಅಪ್ಪ ತಕ್ಕಡಿ ಕೆಳಗಿಟ್ಟು ಶುರುಮಾಡಿದರು: "ನಮ್ ಸೊಸೆ ಬೆಳ್ದಿರೋದು ಕಣಪ್ಪ. ಕರ್ಪೂರ ಬಯಲಾಗ್ ಹಚ್ಚುದ್ರೆ ಬರೀ ಮಸಿ. ಗಾಳಿ ಸೋಕ್ದಂಗೆ ಕೊಳವೇಲಿಟ್ಟು ಕಾಯ್ಸುದ್ರೆ ಆ ಮಸಿನೇ ಕೂದ್ಲಂಗೆ ಎದ್ದು ನಿಲ್ತದೆ. ಒಂದೊಂದು ಕೂದ್ಲೂ ಒಳ್ಗೆ ಟೊಳ್ಳು." ಆ ಮನುಷ್ಯ ಬೀಜ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಅಪ್ಪ ನನ್ನ ಕಡೆ ತಿರುಗಿದರು. ಕಬ್ಬಿಣದ ಅತಿ ಸಣ್ಣ ಕಣಗಳೇ ಬೀಜ, ಕರ್ಪೂರದ ಜೊತೆ ಫೆರೋಸೀನ್ ಎಂಬ ಪುಡಿ ಹಾಕುತ್ತೇವೆ, ಬಿಸಿಗೆ ಅದರ ಕಬ್ಬಿಣ ಉದುರಿ ಸಿಲಿಕಾನ್ ತುಂಡಿನ ಮೇಲೆ ಕೂರುತ್ತದೆ, ಒಂದೊಂದು ಕಣದಿಂದ ಒಂದೊಂದು ಕೊಳವೆ ಏಳುತ್ತದೆ ಎಂದು ನಾನು ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಅಪ್ಪ, ನಮ್ಮ ಲೋಹಿತಾ ಆಗಿದ್ದರೆ ಇನ್ನೂ ಸಲೀಸಾಗಿ ಹೇಳುತ್ತಿದ್ದಳು ಅಂದರು. ನಾನು ಭೌತಶಾಸ್ತ್ರದ ಉಪನ್ಯಾಸಕ. ಹತ್ತು ವರ್ಷದಿಂದ ದಿನಕ್ಕೆ ನಾಲ್ಕು ಗಂಟೆ ಹೇಳಿಕೊಡುವುದೇ ನನ್ನ ಕೆಲಸ.

ನೀನು ಮರೆತಿರಬಹುದು, ನಾನು ಮರೆತಿಲ್ಲ. ಎಂ.ಎಸ್ಸಿ.ಯಲ್ಲಿ ನನ್ನದು ಮೊದಲ ರ‍್ಯಾಂಕು, ನಿನ್ನದು ಮೂರನೆಯದು. ಫೆಲೋಶಿಪ್ ಪರೀಕ್ಷೆ ನಾನು ಒಂದೇ ಸಲಕ್ಕೆ ದಾಟಿದೆ, ನಿನಗೆ ಎರಡು ಸಲ ಬೇಕಾಯಿತು. ನಾವು ಓದು ಮುಗಿಸಿದ ವರ್ಷ ನರಸಿಂಹರಾಜು ಸರ್ ಆ ಕುಲುಮೆಯನ್ನು ತರಿಸಿದಾಗ ಪೆಟ್ಟಿಗೆ ಬಿಚ್ಚಿ ಜೋಡಿಸಿದವನು ನಾನು. ಒಂದು ವರ್ಷ ಅದರ ಮುಂದೆ ಕೂತೆ. ಬಂದದ್ದು ಮಸಿ. ಅಂಗಿಗೆ, ಉಗುರಿಗೆ, ಮೂಗಿನೊಳಗೆಲ್ಲ ಮಸಿ. ಪಿ.ಯು. ಕಾಲೇಜಿನ ಕೆಲಸದ ಆದೇಶ ಬಂದಾಗ, ಅಪ್ಪನಿಗೆ ವಯಸ್ಸಾಯಿತು ಎಂದು ಎಲ್ಲರಿಗೂ ಹೇಳಿಕೊಂಡು ಓಡಿಬಂದೆ. ಅಪ್ಪನಿಗೆ ಆಗ ಐವತ್ತೆಂಟು, ದಿನಾ ಬೆಟ್ಟದ ಅರ್ಧದವರೆಗೆ ಹತ್ತಿ ಇಳಿಯುತ್ತಿದ್ದರು. ಮದುವೆಯಾದ ಮೇಲೆ ನೀನು ಅದೇ ಲ್ಯಾಬಿಗೆ ಹೋಗುತ್ತೇನೆ ಅಂದಾಗ, ಹೋಗು, ಆ ಕುಲುಮೆಯಲ್ಲಿ ಏನೂ ಬೆಳೆಯುವುದಿಲ್ಲ, ಒಂದು ವರ್ಷ ನೋಡಿ ಬಾ ಅಂದೆ. ದೊಡ್ಡ ಮನಸ್ಸಿನ ಗಂಡ ಅಂತ ಬುಕ್ಕಾಪಟ್ಟಣದಲ್ಲಿ ನಿಮ್ಮ ಮನೆಯವರೆಲ್ಲ ನನ್ನನ್ನು ಕೊಂಡಾಡಿದರು. ನೀನು ಬರಿಗೈಲಿ ಬರುತ್ತೀಯ ಎಂಬ ಧೈರ್ಯದ ಮೇಲೆ ಕಳಿಸಿದ್ದೆ.

ಆಮೇಲೆ ಕರ್ಪೂರ ಬಂತು. ಕಂಪನಿಯಿಂದ ಬರಬೇಕಿದ್ದ ಶುದ್ಧ ಕರ್ಪೂರದ ಬಾಟಲಿ ತಡವಾಯಿತೆಂದು ನೀನು ಒಂದು ಭಾನುವಾರ ಅಪ್ಪನ ಮುಂದೆ ಹೋಗಿ ನಿಂತು, ಮಾವ, ನಮ್ಮ ಅಂಗಡಿಯದೇ ಒಂದಿಷ್ಟು ಕೊಡಿ ಅಂದೆ. ಅಪ್ಪ ಸ್ಟೂಲು ಹತ್ತಿ ಮೇಲಿನ ಸಾಲಿನ ಹಳೆಯ ತಗಡಿನ ಡಬ್ಬ ಇಳಿಸಿ, ಇದು ಗಟ್ಟಿ ಮಾಲು, ಈಗ ಇಂಥದ್ದು ಬರುವುದಿಲ್ಲ ಎಂದು ಗೆಡ್ಡೆ ಗೆಡ್ಡೆ ಕರ್ಪೂರ ಕಟ್ಟಿಕೊಟ್ಟರು. ಆ ವಾರವೇ ನಿನ್ನ ಕೊಳವೆಗಳು ಎದ್ದು ನಿಂತವು. ಅಲ್ಲಿಂದ ಎರಡು ವರ್ಷ ನೀನು ಅದೇ ಡಬ್ಬದ್ದನ್ನೇ ಒಯ್ದೆ. ನಾನು ಹುಟ್ಟಿದ್ದು ಆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಆದರೂ ಲ್ಯಾಬಿನಲ್ಲಿದ್ದ ಒಂದು ವರ್ಷ, ಕರ್ಪೂರದಿಂದಲೂ ನ್ಯಾನೋಕೊಳವೆ ಬೆಳೆಯುತ್ತಾರೆ ಎಂದು ಓದಿದ್ದ ನಾನು, ಮನೆಯಿಂದ ಒಂದು ಹರಳೂ ಒಯ್ಯಲಿಲ್ಲ. ನಾಚಿಕೆ. ಗ್ರಂಥಿಗೆ ಅಂಗಡಿಯವನ ಮಗ ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ, ಬಸ್ಸು ಹತ್ತುವ ಮುಂಚೆ ಅಂಗಿಯ ಕರ್ಪೂರದ ವಾಸನೆ ಹೋಗಲೆಂದು ಪೌಡರ್ ಹಾಕಿಕೊಳ್ಳುತ್ತಿದ್ದೆ. ನೀನು ಸೊಸೆಯಾಗಿ ಬಂದವಳು, ನಿನಗೆ ಆ ನಾಚಿಕೆ ಒಂದು ಚೂರೂ ಇರಲಿಲ್ಲ. ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಅಲ್ಲಿ.

ಈಗ ನನ್ನ ಮೊದಲ ತಪ್ಪು. ಪುಣೆಗೆ ಹೋಗುವಾಗ, ದೊಡ್ಡ ಲ್ಯಾಬು, ಅಲ್ಲಿಗೆ ಅಂಗಡಿಯ ಕರ್ಪೂರ ಯಾಕೆ, ಬಾಟಲಿಯದನ್ನೇ ಬಳಸು ಎಂದು ಸರ್ ಹೇಳಿದ್ದರು. ಎರಡು ವಾರ ಏನೂ ಬೆಳೆಯದಿದ್ದಾಗ ನಿನಗೇ ಅನುಮಾನ ಬಂತು. ಮಾವನ ಅಂಗಡಿಯ ಮೇಲಿನ ಸಾಲಿನ ಡಬ್ಬದ ಕರ್ಪೂರ ಕಾಲು ಕೆಜಿ ಕೊರಿಯರ್ ಮಾಡಿ ಎಂದು ಫೋನ್ ಮಾಡಿದೆ. ಡಬ್ಬ ಯಾವುದು ಎಂದು ಎರಡು ಸಲ ಒತ್ತಿ ಹೇಳಿದೆ. ನಾನು ಹೂಂ ಅಂದೆ. ಆವತ್ತು ಸ್ಟೂಲು ಅಂಗಡಿಯ ಹೊರಗಿತ್ತು, ಕೊರಿಯರಿನವನು ಐದಕ್ಕೆ ಬಾಗಿಲು ಹಾಕುತ್ತಾನೆ, ಅಲ್ಲದೆ ನಿನ್ನ ಅಪ್ಪಣೆ ಪಾಲಿಸಿ ಪಾಲಿಸಿ ನನಗೂ ಸಾಕಾಗಿತ್ತು. ಕೈಗೆಟುಕುವಲ್ಲಿದ್ದ ಪ್ಲಾಸ್ಟಿಕ್ ಜಾಡಿಯಿಂದ ಹೊಸ ಬಿಲ್ಲೆಗಳನ್ನು ತುಂಬಿ ಕಳಿಸಿದೆ. ಡಬ್ಬದ್ದು ಗೆಡ್ಡೆಯಲ್ಲವೇ, ಇದು ಬಿಲ್ಲೆ ಇದೆಯಲ್ಲ ಎಂದು ನೀನು ಕೇಳಿದೆ. ಅಪ್ಪ ಡಬ್ಬಕ್ಕೆ ಹೊಸದು ತುಂಬಿದ್ದಾರೆ ಅಂದುಬಿಟ್ಟೆ. ಕರ್ಪೂರ ಕರ್ಪೂರವೇ, ಯಾವ ಜಾಡಿಯದಾದರೇನು ಎಂದು ನಾನು ನಿಜವಾಗಿಯೂ ನಂಬಿದ್ದೆ. ಅದರಲ್ಲೂ ಬೆಳೆಯಲಿಲ್ಲ. ಹಾಗಾಗಿ ಕರ್ಪೂರದ್ದೇನೂ ತಪ್ಪಿಲ್ಲವೆಂದು ನೀವು ಅದನ್ನು ಪಟ್ಟಿಯಿಂದಲೇ ಹೊಡೆದುಹಾಕಿ, ಕುಲುಮೆಯ ಕೊಳವೆ ಬದಲಾಯಿಸಿದಿರಿ, ಗ್ಯಾಸಿನ ಸಿಲಿಂಡರ್ ಬದಲಾಯಿಸಿದಿರಿ, ಸಿಲಿಕಾನ್ ತೊಳೆಯುವ ನೀರನ್ನೂ ಬದಲಾಯಿಸಿದಿರಿ. ನನ್ನ ಒಂದು ಸೋಮಾರಿತನಕ್ಕೆ ನಿನ್ನ ಐದು ವಾರ ಹೋದವು.

ಎರಡನೆಯ ತಪ್ಪಿನ ಎದುರು ಇದು ಏನೂ ಅಲ್ಲ. ಆಯುಧಪೂಜೆಯ ಹಿಂದಿನ ದಿನ, ಮಂಗಳವಾರ, ಅಂಗಡಿಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆಯುವುದು ನಮ್ಮ ಪದ್ಧತಿ ಅಲ್ಲವೇ, ಈ ಸಲ ನಾನೇ ಮೇಲಿನ ಸಾಲಿಗೂ ಕೈ ಹಾಕಿದೆ. ಅಪ್ಪ ತಕ್ಷಣ ತಡೆದರು. "ಅದುನ್ನ ತೊಳಿಬ್ಯಾಡ ಕಣ್ಲಾ ಪ್ರಭು, ಅದು ಲೋಹಿತನ ಡಬ್ಬ. ತಳದಾಗೆ ಇನ್ನೂ ಸ್ವಲ್ಪ ಐತೆ" ಅಂದರು. ಮುಚ್ಚಳ ತೆಗೆದು ನೋಡಿದೆ. ತಳದಲ್ಲಿ ನಾಲ್ಕೈದು ಗೆಡ್ಡೆ, ತಗಡಿನ ಬೆಸುಗೆಯ ಮೂಲೆಗಳಲ್ಲಿ ಹಳದಿ ಪುಡಿ. ಕರ್ಪೂರದ ಮೈಗೂ ಅಲ್ಲಲ್ಲಿ ಅದೇ ಹಳದಿ ಹತ್ತಿತ್ತು. ಇದೇನೆಂದು ಕೇಳಿದೆ. "ಮುಂಚೆ ಅದ್ರಾಗೆ ಗಂಧಕ ಇಡ್ತಿದ್ದೆ. ಕಜ್ಜಿಗೆ ಹಚ್ಕಳಾಕೆ ಜನ ತಗಂಡೋಗೋರು. ಈಗ ಯಾರ್ ಕೇಳ್ತಾರೆ, ಮೆಡಿಕಲ್ ಸ್ಟೋರ್‌ನಾಗೆ ಮುಲಾಮು ಬಂದ್ಬುಟ್ಟೈತೆ. ಗಂಧಕ ಕೊಡವಿ ಕರ್ಪೂರ ತುಂಬ್ದೆ ಅಷ್ಟೆ. ಯಾಕ್ಲಾ?" ನಾನು ಏನಿಲ್ಲ ಅಂದೆ. ಸ್ಟೂಲಿನ ಮೇಲೆ ಕೂತಲ್ಲೇ ಫೋನ್ ತೆಗೆದು ಹುಡುಕಿದೆ. ಕಬ್ಬಿಣದ ಕಣಕ್ಕೆ ಒಂದಿಷ್ಟೇ ಇಷ್ಟು ಗಂಧಕ ಸೋಕಿದರೆ ಕೊಳವೆಗಳು ಬೇಗ ಬೆಳೆಯುತ್ತವೆ, ಒತ್ತಾಗಿ ಏಳುತ್ತವೆ, ಒಂದನ್ನೊಂದು ಆತುಕೊಂಡು ನೆಟ್ಟಗಾಗುತ್ತವೆ ಎಂದು ಎಷ್ಟೋ ಜನ ಹಿಂದೆಯೇ ಬರೆದಿದ್ದಾರೆ. ನಿನ್ನ ಸ್ಯಾಂಪಲ್ಲಿನಲ್ಲಿ ಉಳಿದದ್ದು ತೀರಾ ಕಡಿಮೆಯಿದ್ದುದರಿಂದ ಪರೀಕ್ಷೆಯ ಯಂತ್ರಗಳಿಗೂ ಕಾಣಲಿಲ್ಲ. ಅಷ್ಟು ವಾರದಿಂದ ನೀವೆಲ್ಲ ಹುಡುಕುತ್ತಿದ್ದ ಕಾರಣ ನನಗೆ ಹತ್ತು ನಿಮಿಷದಲ್ಲಿ ಸಿಕ್ಕಿತು.

ಆವತ್ತು ಸಂಜೆ ನೀನು ಫೋನ್ ಮಾಡಿದೆ. "ರೀ, ಇವತ್ತೂ ಏಳ್ಲಿಲ್ಲ ಕಣ್ರೀ, ಎಲ್ಲಾ ಮಕಾಡೆ ಮಲ್ಗೈತೆ" ಎಂದು ಅತ್ತೆ. ನಾನು ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಮಾರನೆಯ ದಿನವೂ ಹೇಳಲಿಲ್ಲ. ಯಾಕೆಂದರೆ ಪುಣೆಗೆ ಹೋಗುವ ಮುಂಚೆ, ನಿನ್ನ ಕೆಲಸ ಚೆನ್ನಾಗಿ ನಡೆಯುತ್ತಿದ್ದಾಗ, ನೀನು ಮನೆಗೆ ಬಂದರೂ ನನ್ನ ಜೊತೆ ಅದರ ಮಾತೆತ್ತುತ್ತಿರಲಿಲ್ಲ. ಕೇಳಿದರೆ, ನಿಮಗೆ ಬೇಜಾರಾಗುತ್ತೆ ಬಿಡಿ ಅನ್ನುತ್ತಿದ್ದೆ. ಬೆಳೆಯುವುದು ನಿಂತ ಮೇಲೆ ದಿನಾ ಏಳಕ್ಕೆ ಫೋನ್. ಒಂದೊಂದನ್ನೂ ನನ್ನನ್ನು ಕೇಳಿ ಕೇಳಿ ಮಾಡಿದೆ. ಆರ್ಗಾನ್ ಕಡಿಮೆ ಮಾಡಲಾ ಅಂದೆ, ಕರ್ಪೂರವನ್ನು ನಿಧಾನ ಕಾಯಿಸಲಾ ಅಂದೆ. ನಿಮ್ಮ ತಲೆ ಚುರುಕು, ಯೋಚನೆ ಮಾಡಿ ಹೇಳಿ ಅಂದೆ. ಹತ್ತು ವರ್ಷದಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನೀನು ಸೋಲುತ್ತಿದ್ದರೆ ನನಗೆ ನೀನು ಸಿಗುತ್ತಿದ್ದೆ. ಹಾಗಾಗಿ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು, ಆರ್ಗಾನ್ ಸ್ವಲ್ಪ ಜಾಸ್ತಿ ಮಾಡಿ ನೋಡು ಎಂದು ಕೆಲಸಕ್ಕೆ ಬಾರದ ಸಲಹೆ ಕೊಡುತ್ತಾ ಹೋದೆ. ಅದನ್ನೂ ನೀನು ಬರೆದುಕೊಂಡೆ.

ಇಷ್ಟಕ್ಕೇ ನಿಂತಿದ್ದರೂ ಸಾಕಿತ್ತು. ಕಳೆದ ಶನಿವಾರ, ಉತ್ತರಪತ್ರಿಕೆ ನೋಡುವುದಿದೆ ಎಂದು ಅಮ್ಮನಿಗೆ ಸುಳ್ಳು ಹೇಳಿ ತುಮಕೂರಿನ ಲ್ಯಾಬಿಗೆ ಹೋದೆ. ಸರ್ ಊರಿನಲ್ಲಿರಲಿಲ್ಲ. ಕುಲುಮೆ ನೋಡಿಕೊಳ್ಳುವ ಮುನೀರ್ ರಜೆಯಲ್ಲೂ ಶಿರಾದಿಂದ ಬಂದು ಬಾಗಿಲು ತೆಗೆದ. ನಿನ್ನ ಮೇಲೆ ಅವನಿಗೆ ಎಷ್ಟು ಅಭಿಮಾನವೆಂದರೆ, ಲೋಹಿತಾ ಒಂದು ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದ್ದಾಳೆ ಎಂದ ಕೂಡಲೇ ಸಿಲಿಕಾನ್ ಕತ್ತರಿಸಿ ಜೋಡಿಸಿಕೊಟ್ಟ. ಮೊದಲ ಸಲ ಬಾಟಲಿಯ ಕರ್ಪೂರವೊಂದೇ. ಬೂದು ಬಣ್ಣದ ಗೋಜಲು ಬಂತು. ಎರಡನೆಯ ಸಲ ಅದೇ ಕರ್ಪೂರಕ್ಕೆ ಚಿಟಿಕೆಗಿಂತಲೂ ಕಡಿಮೆ ಗಂಧಕವನ್ನು ತೂಗಿ ಬೆರೆಸಿದೆ. ಕುಲುಮೆ ಆರುವವರೆಗೆ ಇಬ್ಬರೂ ಕಾರಿಡಾರಿನಲ್ಲಿ ಟೀ ಕುಡಿಯುತ್ತ ಕೂತೆವು. ಬೆಳೆಯದಿರಲಿ ಎಂದು ಕೇಳಿಕೊಳ್ಳುತ್ತಿದ್ದೆನೋ, ಬೆಳೆಯಲಿ ಎಂದೋ ಈಗಲೂ ಹೇಳಲಾರೆ. ಚಿಮಟದಲ್ಲಿ ತುಂಡು ಹೊರಗೆ ತೆಗೆದರೆ ಮಖಮಲ್ಲಿನ ಹಾಗೆ ಕಪ್ಪು, ಬೆಳಕು ಬಿದ್ದರೂ ಹೊಳೆಯುತ್ತಿರಲಿಲ್ಲ. ಅಂಚನ್ನು ಸಾದಾ ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದೆ, ಕತ್ತರಿಸಿದ ಕುಂಚದ ಕೂದಲಿನಂತೆ ಒಂದೇ ಎತ್ತರಕ್ಕೆ ನಿಂತಿದ್ದವು. ಮುನೀರ್ ಹತ್ತಿರ ಬಂದು ನೋಡಿದ. "ಸಾರ್, ಇದು ಮೇಡಂ ಕೈಯಾಗೆ ಬರ್ತಿದ್ದ ಕಪ್ಪು. ಜಲ್ದಿ ಫೋನ್ ಮಾಡಿ ಹೇಳಿ ಸಾರ್, ಆಯಮ್ಮ ಅಲ್ಲಿ ಅಳ್ತಾ ಕುಂತವ್ರೆ" ಅಂದ. ಅಂದರೆ ನೀನು ಅವನಿಗೂ ಫೋನ್ ಮಾಡಿ ಅತ್ತಿದ್ದೀಯ. ಆ ಗಳಿಗೆಯಲ್ಲೂ ನನಗೆ ಮುನೀರನ ಮೇಲೆ ಹೊಟ್ಟೆ ಉರಿಯಿತು ನೋಡು.

ಮನೆಗೆ ಹೋಗಿ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ ಎಂದು ಅವನಿಗೆ ಹೇಳಿ ಹೊರಟೆ. ಕೊರಟಗೆರೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅಲ್ಲಿ ಫೋನಿನಲ್ಲಿ ಒಂದು ಮೇಲ್ ಬರೆದೆ. ನಿನಗಲ್ಲ, ನರಸಿಂಹರಾಜು ಸರ್‌ಗೆ. ಲೋಹಿತಾಳ ಫಲಿತಾಂಶಕ್ಕೆ ನಿಜವಾದ ಕಾರಣವನ್ನು ನಾನು ಕಂಡುಹಿಡಿದಿದ್ದೇನೆ, ಪ್ರಯೋಗ ಮಾಡಿ ಖಚಿತಪಡಿಸಿಕೊಂಡಿದ್ದೇನೆ, ಇದನ್ನು ಪ್ರತ್ಯೇಕವಾಗಿ ಪ್ರಕಟಿಸಬಹುದೇ ಎಂದು. ಕೆಳಗೆ ನನ್ನ ಹೆಸರು, ಎಂ.ಎಸ್ಸಿ., ಮೊದಲ ರ‍್ಯಾಂಕ್ ಎಂದು ಕೂಡ ಹಾಕಿದ್ದೆ, ನಗಬೇಡ. ಮಧುಗಿರಿಯ ಬೆಟ್ಟ ಕಾಣಿಸುವವರೆಗೂ ಅದನ್ನೇ ಓದಿಕೊಂಡು ಕೂತಿದ್ದೆ. ಕಳಿಸಲಿಲ್ಲ, ಅಳಿಸಲೂ ಇಲ್ಲ. ಮೊನ್ನೆ ಮಂಗಳವಾರ ಮತ್ತೆ ಹೋಗಿ ರಾಮನ್ ಯಂತ್ರದಲ್ಲೂ ನೋಡಿಸಿಕೊಂಡು ಬಂದೆ. ಎರಡು ಗುಡ್ಡದ ಗೆರೆ ಬಂತು, ದೋಷ ತೋರಿಸುವ ಮೊದಲ ಗುಡ್ಡ ಗಿಡ್ಡ, ಎರಡನೆಯದು ಅದಕ್ಕೆ ಎರಡರಷ್ಟು ಎತ್ತರ. ನಿನ್ನ ಪೇಪರಿನ ಗೆರೆಯ ಮೇಲೆ ಇಟ್ಟರೆ ಹೊಂದುತ್ತದೆ. ಅದನ್ನು ಯಾರಿಗೂ ತೋರಿಸಲಾಗದೆ ಹಾಸಿಗೆಯ ಕೆಳಗಿಟ್ಟೆ.

ನಿನ್ನೆ ನೀನು ಸೋಮವಾರ ವಾಪಸು ತೆಗೆದುಕೊಳ್ಳುತ್ತೇನೆ ಅಂದೆಯಲ್ಲ, ಆಗ ನನಗೆ ಮೊದಲು ಹೊಳೆದದ್ದು ಏನು ಗೊತ್ತೇ? ಬರುವ ಮಂಗಳವಾರ ಆ ಮೇಲ್ ಕಳಿಸಿದರೆ ನಿನ್ನ ಪೇಪರ್ ಇರುವುದಿಲ್ಲ, ನನ್ನದು ಹೊಸದಾಗಿ ನಿಲ್ಲುತ್ತದೆ ಎಂದು. ನೀನು ಆ ಕಡೆ ಬಿಕ್ಕುತ್ತಿದ್ದೆ, ನಾನು ಈ ಕಡೆ ದಿನ ಎಣಿಸುತ್ತಿದ್ದೆ. ಫೋನ್ ಇಟ್ಟ ಮೇಲೆ ನನಗೆ ನನ್ನ ಮೇಲೇ ಭಯವಾಯಿತು. ಅಮ್ಮ ಅನ್ನ ಬಡಿಸಿ, ಲೋಹಿತಾ ಏನಂದಳು ಎಂದು ಕೇಳಿದಳು. ಚೆನ್ನಾಗಿದ್ದಾಳೆ ಅಂದೆ. ಬೆಳಿಗ್ಗೆ ಎದ್ದು ಆ ಮೇಲ್ ಅಳಿಸಿ ಈ ಕಾಗದ ಬರೆಯಲು ಕೂತೆ.

ಆದ್ದರಿಂದ ಬರೆದುಕೋ. ಎರಡು ಗ್ರಾಂ ಬಾಟಲಿ ಕರ್ಪೂರಕ್ಕೆ ಐದು ಮಿಲಿಗ್ರಾಂ ಗಂಧಕ. ಫೆರೋಸೀನ್ ನೀನು ಹಾಕುವಷ್ಟೇ. ಗಂಧಕವನ್ನು ಕರ್ಪೂರದ ಜೊತೆ ಸೇರಿಸಿ ಚೆನ್ನಾಗಿ ಅರೆಯಬೇಕು, ಮೇಲೆ ಉದುರಿಸಿದರೆ ಸಾಲದು. ಮೊನ್ನೆ ಎರಡನೆಯ ಸಲ ಹೋದಾಗ ಹತ್ತು ಮಿಲಿಗ್ರಾಂ ಹಾಕಿ ನೋಡಿದೆ, ಮತ್ತೆ ಗೋಜಲಾಯಿತು, ಹಾಗಾಗಿ ತೂಕ ಹುಷಾರು. ರಾಮನ್ ಗೆರೆಯ ಪ್ರತಿ ಇದರ ಜೊತೆಗಿದೆ. ಪೇಪರಿನಲ್ಲಿ ಕರ್ಪೂರ ಎಂದಷ್ಟೇ ಬರೆದಿರುವುದನ್ನು ತಿದ್ದಿ, ಡಬ್ಬದ ವಿಷಯವನ್ನೂ ಸೇರಿಸಿ ಕಳಿಸಿದರೆ ಅದು ಇನ್ನೂ ಗಟ್ಟಿಯಾಗುತ್ತದೆಯೇ ಹೊರತು ಬೀಳುವುದಿಲ್ಲ. ನನ್ನ ಹೆಸರು ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು. ಈ ಒಂದು ವಾಕ್ಯ ಬರೆಯಲು ನಾಲ್ಕು ಸಲ ಹೊಡೆದುಹಾಕಬೇಕಾಯಿತು, ಗುರುತು ಕಾಣಿಸುತ್ತಿರಬೇಕು. ಮುನೀರನಿಗೆ ಮಾತ್ರ ಕೃತಜ್ಞತೆ ಬರೆ. ಅವನು ರಜೆಯಲ್ಲಿ ಬಂದದ್ದು ನಿನಗೋಸ್ಕರ.

ನೀನು ಗೆದ್ದು ಬಂದರೂ ನನ್ನ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ಮಾತು ಕೊಡಲಾರೆ. ಅಂಗಡಿಯಲ್ಲಿ ಅಪ್ಪ ಇನ್ನೊಂದು ಪಟಕ್ಕೆ ಕಟ್ಟು ಹಾಕಿಸುತ್ತಾರೆ, ಆಗಲೂ ನನ್ನ ಮುಖ ಹುಳ್ಳಗಾಗುತ್ತದೆ. ಆದರೆ ಕೆಲಸದ ಬಗ್ಗೆ ನನ್ನ ಹತ್ತಿರ ಮಾತಾಡು. ಬೇಜಾರಾಗುತ್ತೆ ಬಿಡಿ ಅನ್ನಬೇಡ, ಬೇಜಾರಾದರೆ ಆಗಲಿ. ಅಪ್ಪ ಅಮ್ಮ ಆಶೀರ್ವಾದ ಹೇಳಿದ್ದಾರೆ. ಅಮ್ಮ ಮೆಣಸಿನ ವಿಷಯ ಮತ್ತೊಮ್ಮೆ ಬರೆಯಲು ಹೇಳಿದಳು, ಬರೆದಿದ್ದೇನೆ. ಮೈ ಕಡೆ ನೋಡಿಕೋ.

ನಿನ್ನ,
ಪ್ರಭುದೇವ್

ತಾ.ಕ.: ಕವರು ಅಂಟಿಸುವ ಮುಂಚೆ ಇದೊಂದನ್ನು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಬೈಯಬೇಡ. ಇವತ್ತು ಸ್ಪೀಡ್ ಪೋಸ್ಟ್ ಮಾಡಿದರೆ ಇದು ಪುಣೆ ಸೇರುವುದು ಮಂಗಳವಾರ. ನೀನು ಪೇಪರ್ ವಾಪಸು ತೆಗೆದುಕೊಳ್ಳುವುದು ಸೋಮವಾರ. ಮೊದಲನೆಯ ಸಾಲು ಬರೆಯುವಾಗಲೇ ಇದು ನನಗೆ ಗೊತ್ತಿತ್ತು. ಎಲ್ಲವನ್ನೂ ಒಪ್ಪಿಕೊಂಡ ಹಾಗೂ ಆಗಬೇಕು, ಅದು ನಿನಗೆ ತಡವಾಗಿ ಸಿಕ್ಕ ಹಾಗೂ ಆಗಬೇಕು, ಅದಕ್ಕೇ ಫೋನ್ ಬಿಟ್ಟು ಕಾಗದ ಹಿಡಿದದ್ದು. ನೀನು ಅಡ್ಡ ಬಾಯಿ ಹಾಕುತ್ತೀಯ ಅಂದದ್ದೆಲ್ಲ ನೆಪ. ಹಾಗಾಗಿ ಇವತ್ತೇ ಫೋನ್ ಮಾಡಿ ಗಂಧಕದ ವಿಷಯ ಹೇಳಿಬಿಡುತ್ತೇನೆ. ಈಗಷ್ಟೇ ಹೊಳೆಯಿತು ಅನ್ನುತ್ತೇನೆ, ಹತ್ತು ದಿನದ ಮಾತು ಬಾಯಿಂದ ಬರುವುದಿಲ್ಲ. ಇವತ್ತಿನಿಂದ ಮಂಗಳವಾರದವರೆಗೆ ನೀನು ನನ್ನನ್ನು ಹೊಗಳುತ್ತೀಯ. ಅಷ್ಟನ್ನು ನಾನು ಕೇಳಿಸಿಕೊಳ್ಳಬೇಕು, ಆಮೇಲೆ ಇದು ನಿನ್ನ ಕೈ ಸೇರಲಿ. ಈಗ ಮೂರೂ ನಲವತ್ತು, ನಾಲ್ಕಕ್ಕೆ ಅಂಚೆ ಕಚೇರಿಯ ಕೌಂಟರ್ ಮುಚ್ಚುತ್ತಾರೆ. ಮೊದಲು ಇದನ್ನು ಕೊಟ್ಟು ರಸೀದಿ ತೆಗೆದುಕೊಂಡು, ಆಮೇಲೆ ಫೋನ್ ಮಾಡುತ್ತೇನೆ. ಮೊದಲು ಫೋನ್ ಮಾಡಿ, ನೀನು ಖುಷಿಪಡುವುದನ್ನು ಕೇಳಿಬಿಟ್ಟರೆ, ನಾನು ಈ ಕಾಗದ ಹಾಕುವವನಲ್ಲ.